ಬಾರದ ಗಂಟೆಗೆ ತಲೆದೂಗಿದವಳು

ನನ್ನ ಸಿಟ್ಟು ಮೂಗಿನ ತುದಿಯಲ್ಲೇ ಕೂತಿರುತ್ತದೆ ಎಂಬುದನ್ನು ನನ್ನ ಗಂಡ ಮದುವೆಯಾದ ತಿಂಗಳಿಗೇ ಕಂಡುಕೊಂಡಿದ್ದರು. ಹಾಗಾಗಿ ಆ ಸಿಡಿ ನಮ್ಮ ಮನೆಗೆ ಬಂದ ದಿನ ನಾನು ಏನಂದೆ ಎಂಬುದನ್ನು ಮುಚ್ಚಿಟ್ಟು ಒಳ್ಳೆಯವಳೆನಿಸಿಕೊಳ್ಳುವ ಆಸೆ ನನಗಿಲ್ಲ. “ಇದು ಹಾಡೋ, ಫ್ರಿಜ್ಜು ಕೆಟ್ಟ ಸದ್ದೋ?” ಅಂದೆ. ಹದಿನಾರು ವರ್ಷದ ನನ್ನ ಮಗಳು ಸಿಡಿ ತೆಗೆದುಕೊಂಡು ತನ್ನ ರೂಮಿಗೆ ಹೋದಳು, ಬಾಗಿಲು ಹಾಕಿಕೊಂಡಳು. ಬಾಗಿಲನ್ನು ಬಡಿಯಲಿಲ್ಲ. ಬಡಿದಿದ್ದರೆ ನನಗೆ ಇನ್ನೂ ನಾಲ್ಕು ಮಾತಾಡಲು ಅನುಕೂಲವಾಗುತ್ತಿತ್ತು.

ಇದು ಎರಡು ಸಾವಿರದ ಇಸವಿ ದಾಟಿ ಏಳೆಂಟು ವರ್ಷವಾಗಿದ್ದಾಗಿನ ಮಾತು. ನಾವಾಗ ಮಸ್ಕತ್ತಿನ ಅಲ್ ಅಜೈಬಾದಲ್ಲಿ, ಎರಡನೇ ಮಹಡಿಯ ಫ್ಲಾಟಿನಲ್ಲಿದ್ದೆವು. ಗಂಡ ಒಂದು ಕಟ್ಟಡದ ಕಂಪನಿಯಲ್ಲಿ ಇಂಜಿನಿಯರ್. ನಾನು ಮನೆಯಲ್ಲೇ ಮಕ್ಕಳಿಗೆ ಸಂಗೀತ ಹೇಳಿಕೊಡುತ್ತಿದ್ದೆ. ವಾರಕ್ಕೆ ಎರಡು ಸಂಜೆ, ಜೊತೆಗೆ ಗುರುವಾರ. ಆಗ ಶಾಲೆಗಳಿಗೆ ಗುರುವಾರ ಶುಕ್ರವಾರ ರಜೆ. ಹದಿನಾಲ್ಕು ಮಕ್ಕಳು ಬರುತ್ತಿದ್ದರು. ಬೆಂಗಳೂರಿನವರು, ಮೈಸೂರಿನವರು, ನಾಲ್ಕು ಜನ ತಮಿಳರು, ಮಂಗಳೂರು ಕಡೆಯ ಕ್ರಿಶ್ಚಿಯನ್ ಮನೆಯ ಒಂದು ಹುಡುಗಿ. ಹಾಲಿನಲ್ಲಿ ಜಮಖಾನ ಹಾಸಿ, ಶ್ರುತಿಪೆಟ್ಟಿಗೆ ಹಚ್ಚಿ ಕೂತರೆ ನಾನು ಮಹಾರಾಣಿ. ಅಡುಗೆ, ಬಟ್ಟೆ, ಗಂಡನ ಮನೆಯವರ ಫೋನು ಎಲ್ಲವೂ ಆಗ ಬಾಗಿಲಾಚೆ.

ಆ ಜಮಖಾನದ ಮೇಲೆ ಒಂದು ಜಾಗ ಖಾಲಿ ಇತ್ತು. ನನ್ನ ಮಗಳದು. ಐದನೇ ವರ್ಷದಿಂದ ನನ್ನ ಬಲಕ್ಕೆ ಕೂತು ಹಾಡುತ್ತಿದ್ದವಳು ಒಂಬತ್ತನೇ ಕ್ಲಾಸಿನಲ್ಲಿ ಎದ್ದು ಹೋದಳು. ಕಾರಣ ನಾನೇ. ಹಬ್ಬದ ಕಾರ್ಯಕ್ರಮಕ್ಕೆ ತಾಲೀಮು ನಡೆಯುತ್ತಿತ್ತು, ಮಕ್ಕಳ ತಾಯಂದಿರೆಲ್ಲ ಸೋಫಾದಲ್ಲಿ ಕೂತಿದ್ದರು. ಇವಳು ಒಂದು ದೇವರನಾಮದ ಚರಣ ಎತ್ತಿಕೊಂಡಳು. ನನಗೆ ಸ್ವರವೆಲ್ಲ ಸರಿ, ಆದರೆ ಅಕ್ಷರವೇ ಇಲ್ಲ ಅನ್ನಿಸಿತು. ಬಾಯಲ್ಲಿ ಅನ್ನ ಇಟ್ಟುಕೊಂಡು ಹಾಡಿದಂತೆ ಕೇಳಿಸಿತು. ಮತ್ತೆ ಹೇಳಿಸಿದೆ. ಮತ್ತೆ ಹಾಗೆಯೇ. ನಾಲ್ಕನೇ ಸಲಕ್ಕೆ ಪಿತ್ತ ನೆತ್ತಿಗೇರಿ, “ನನ್ನ ಹೊಟ್ಟೇಲಿ ಹುಟ್ಟಿದವಳಿಗೇ ನಾಲಿಗೆ ಹೊರಳಲ್ಲ ಅಂದ್ರೆ ಬೇರೆ ಮಕ್ಕಳಿಗೆ ನಾನ್ಯಾವ ಮುಖ ಇಟ್ಕೊಂಡು ಹೇಳಿಕೊಡಲಿ? ಎದ್ದು ಹೋಗು!” ಅಂದುಬಿಟ್ಟೆ. ಅವಳು ಪುಸ್ತಕ ಮುಚ್ಚಿದಳು, ನಿಜವಾಗಿಯೂ ಎದ್ದು ಹೋದಳು. ನಾನು ಹೇಳಿದ್ದನ್ನು ಅವಳು ಅಷ್ಟು ಚೆನ್ನಾಗಿ ಪಾಲಿಸಿದ್ದು ಅದೊಂದೇ ಸಲ.

ಅಂದಿನಿಂದ ಎರಡು ವರ್ಷ ಅವಳು ನನ್ನ ಮುಂದೆ ಒಂದು ಸಾಲು ಗುನುಗಲಿಲ್ಲ. ಮಾತೂ ಸವೆಯಿತು. ನಾನು ಕನ್ನಡದಲ್ಲಿ ಕೇಳಿದರೆ ಅವಳು ಇಂಗ್ಲಿಷಿನಲ್ಲಿ, ಅದೂ ಒಂದೇ ಪದದಲ್ಲಿ ಉತ್ತರಿಸುತ್ತಿದ್ದಳು. ಇನ್ನೊಂದು ವರ್ಷ ಕಳೆದರೆ ಹನ್ನೆರಡನೇ ಕ್ಲಾಸು ಮುಗಿಯುತ್ತದೆ. ಇಲ್ಲಿಯ ನಮ್ಮ ಮಕ್ಕಳೆಲ್ಲ ಆಮೇಲೆ ಕಾಲೇಜಿಗೆ ಇಂಡಿಯಾಗೆ ಹೊರಡುವವರೇ. ಹೀಗೇ ಮುಖ ತಿರುಗಿಸಿಕೊಂಡೇ ಹೋಗಿಬಿಟ್ಟರೆ ಎಂಬುದು ನನ್ನ ಭಯ. ಆದರೆ ನಾನಾಗಿ ಹೋಗಿ ಮಾತಾಡಲಿಲ್ಲ. ಅವಳು ಬಂದು ಒಂದು ಮಾತು ಹೇಳಲಿ, ಆಮೇಲೆ ನೋಡೋಣ ಎಂದು ಕಾದೆ. ಹೆತ್ತವಳ ಹಠ ಎಂದರೆ ಏನು ಸಾಮಾನ್ಯವೇ!

ಆ ಸಿಡಿಯ ವಿಷಯ ಗಂಡನ ಮೂಲಕ ನನಗೆ ತಿಳಿಯಿತು. ಅವಳ ಕ್ಲಾಸಿನ ಗೆಳತಿಯೊಬ್ಬಳು ಕಾಪಿ ಮಾಡಿಕೊಟ್ಟದ್ದು. ಐಸ್‌ಲ್ಯಾಂಡ್ ಎಂಬ ದೇಶದ ಒಬ್ಬ ಸಂಗೀತಗಾರನದಂತೆ. ಗಿಟಾರನ್ನು ಮೀಟುವುದಿಲ್ಲವಂತೆ, ಪಿಟೀಲಿನ ಕಮಾನಿನಿಂದ ಉಜ್ಜುತ್ತಾನಂತೆ. ಹಿಂದೆ ಒಂದು ಇಡೀ ಆರ್ಕೆಸ್ಟ್ರಾ, ಪಿಟೀಲು, ಅದರ ದೊಡ್ಡಣ್ಣನಂಥ ಚೆಲ್ಲೋ, ಕೊಂಬು, ಒಂದು ಕೋರಸ್. ಒಂದೊಂದು ಹಾಡು ಹತ್ತು ನಿಮಿಷ. ಅದನ್ನು ರಾಕ್ ಅಂತಲೂ ಕರೆಯುತ್ತಾರಂತೆ, ಆದರೆ ರಾಕಿನ ಗಲಾಟೆ ಮುಗಿದ ಮೇಲಿನ ಏನೋ ಒಂದಂತೆ. “ಗಿಟಾರಿಗೆ ಕಮಾನಾ?” ಅಂದೆ ನಾನು. “ದೋಸೆ ಕಾವಲಿ ಮೇಲೆ ಸಾರು ಮಾಡಿದ ಹಾಗೆ.” ಗಂಡ ನಕ್ಕರು. “ಒಂದ್ಸಲ ಕೂತು ಕೇಳು ಮಾರಾಯ್ತಿ. ಅವಳು ಅದನ್ನ ಕೇಳುವಾಗ ಕಣ್ಣು ಮುಚ್ಚಿಕೊಂಡು ಕೂರ್ತಾಳೆ, ನಿಮ್ಮಪ್ಪನ ಹಾಗೆ.”

ನಮ್ಮಪ್ಪನ ಹೆಸರು ಎತ್ತಿದರೆ ನಾನು ಮೆತ್ತಗಾಗುತ್ತೇನೆಂದು ಅವರಿಗೆ ಗೊತ್ತು. ಮೈಸೂರಿನಲ್ಲಿ ರಾಮನವಮಿಯ ಕಚೇರಿಗಳಿಗೆ ಅಪ್ಪ ನನ್ನನ್ನು ಕರೆದುಕೊಂಡು ಹೋಗುತ್ತಿದ್ದರು. ಅವರಿಗೆ ಹಾಡಲು ಬರುತ್ತಿರಲಿಲ್ಲ, ಕೇಳಲು ಬರುತ್ತಿತ್ತು. ಎಲ್ಲಿ ತಲೆದೂಗಬೇಕು, ಎಲ್ಲಿ ‘ಭಲೇ’ ಅನ್ನಬೇಕು, ಎಲ್ಲಿ ನಾಲಿಗೆ ಲೊಚಗುಟ್ಟಬೇಕು ಎಂಬುದು ಅವರಿಗೆ ದೊಡ್ಡ ವಿದ್ಯೆ. ನಾನು ತಪ್ಪು ಜಾಗದಲ್ಲಿ ತಲೆ ಆಡಿಸಿದರೆ ತೊಡೆ ಚಿವುಟುತ್ತಿದ್ದರು. ಸುಮ್ಮನೆ ಪಕ್ಕದವರನ್ನು ನೋಡಿ ತಲೆ ಆಡಿಸುವವರನ್ನು ಕಂಡರೆ ಅವರಿಗೆ ಮೈಯೆಲ್ಲ ಉರಿ. ಹಾಗೆ ಚಿವುಟಿಸಿಕೊಂಡು ಬೆಳೆದ ಕಿವಿ ನನ್ನದು. ಅದರ ಮೇಲೆ ನನಗೆ ಎಷ್ಟು ಹೆಮ್ಮೆ ಇತ್ತೆಂದರೆ, ಏನಾದರೂ ಸರಿಯಾಗಿ ಕೇಳಿಸದಿದ್ದರೆ ತಪ್ಪು ಯಾವಾಗಲೂ ಬೇರೆಯವರದೇ ಆಗಿರುತ್ತಿತ್ತು.

ಬೇರೆಯವರು ಎಂದರೆ ಹೆಚ್ಚಾಗಿ ಎಸಿ. ಆ ಊರಿನಲ್ಲಿ ವರ್ಷದ ಎಂಟು ತಿಂಗಳು ಎಸಿ ಗುರ್ರ್ ಅನ್ನುತ್ತಲೇ ಇರುತ್ತದೆ. ಹಾಲಿನ ಎಸಿ ಹಳೆಯದು. “ಈ ದರಿದ್ರದ ಎಸಿ ಸದ್ದಲ್ಲಿ ಒಂದು ಅಕ್ಷರ ಕಿವಿಗೆ ಬೀಳಲ್ಲ” ಎಂದು ದಿನಕ್ಕೆ ಹತ್ತು ಸಲ ಅನ್ನುತ್ತಿದ್ದೆ. ಗಂಡ ಹೊಸದನ್ನು ಹಾಕಿಸಿದರು. ಆಗಲೂ ಮಕ್ಕಳು ಅಕ್ಷರ ನುಂಗುತ್ತಿದ್ದರು. ಅದಕ್ಕೆ ಇನ್ನೊಂದು ಕಾರಣ ಹುಡುಕಿಕೊಂಡೆ. ಇಂಗ್ಲಿಷ್ ಮೀಡಿಯಂ ಬಾಯಿ, ‘ಸ’ ಇಲ್ಲ, ‘ಷ’ ಇಲ್ಲ, ‘ತ’ ಅಂತೂ ಇಲ್ಲವೇ ಇಲ್ಲ. ಒಂದೊಂದು ಸಾಲನ್ನು ಇಪ್ಪತ್ತು ಸಲ ಹೇಳಿಸುತ್ತಿದ್ದೆ. ಆ ಮಂಗಳೂರಿನ ಹುಡುಗಿಗೆ ಹತ್ತು ವರ್ಷ, ಬಂಗಾರದಂಥ ಕಂಠ, ಅವಳಿಗಂತೂ ನನ್ನಿಂದ ಬಿಡುಗಡೆಯೇ ಇರಲಿಲ್ಲ. ಒಂದು ಸಂಜೆ ಅವಳು ಹಾಡುತ್ತಲೇ ಕಣ್ಣು ಒರೆಸಿಕೊಂಡಳು. ನಾನು ನೋಡಿಯೂ ನೋಡದವಳಂತೆ ತಾಳ ಹಾಕುತ್ತಿದ್ದೆ.

ಆ ಹುಡುಗಿಯ ತಾಯಿ ಉಡುಪಿ ಕಡೆಯವಳು, ಆಸ್ಪತ್ರೆಯಲ್ಲಿ ನರ್ಸು. ನಾನು ಅವಳನ್ನು ಸಿಸ್ಟರ್ ಎನ್ನುತ್ತಿದ್ದೆ, ಅವಳು ನನ್ನನ್ನು ಅಕ್ಕ ಎನ್ನುತ್ತಿದ್ದಳು. ಅವರ ಮನೆ ಅಲ್ ಅಮೇರಾತ್‌ನಲ್ಲಿ. ಒಂದು ಜೂನ್ ತಿಂಗಳ ಶುಕ್ರವಾರ ನಮ್ಮನ್ನು ಊಟಕ್ಕೆ ಕರೆದಿದ್ದಳು. ಮೀನು ಮಾಡುವ ಪಾತ್ರೆಯನ್ನೆಲ್ಲ ಬದಿಗಿಟ್ಟು ನಮಗೆಂದೇ ಹೊಸ ಕಾವಲಿ ತಂದು ನೀರುದೋಸೆ ಹುಯ್ಯುತ್ತೇನೆಂದು ಫೋನಿನಲ್ಲಿ ಹೇಳಿದ್ದಳು.

ಮಧ್ಯಾಹ್ನ ಹೊರಟೆವು. ಗಂಡ ಕಾರು ಓಡಿಸುತ್ತಿದ್ದರು, ಮಗಳು ಮುಂದಿನ ಸೀಟಿನಲ್ಲಿ, ನಾನು ಹಿಂದೆ. ಅವಳು ಅಪ್ಪನನ್ನು ಕೇಳಿ ಆ ಸಿಡಿ ಹಾಕಿದಳು. ಬೆಟ್ಟಗಳ ನಡುವೆ ರಸ್ತೆ ಹೋಗುತ್ತಿತ್ತು, ಬಿಸಿಲಿಗೆ ಬೆಟ್ಟವೆಲ್ಲ ಸುಟ್ಟ ಇಟ್ಟಿಗೆಯ ಬಣ್ಣ. ಹಾಡು ಶುರುವಾಯಿತೋ ಇಲ್ಲವೋ ಎಂಬಂತೆ ಶುರುವಾಯಿತು. ಕೆಳಗಿನಿಂದ ಒಂದು ಸ್ವರ ಎದ್ದು ನಿಂತುಕೊಂಡಿತು, ತಂಬೂರಿಯ ಮಂದ್ರದ ಹಾಗೆ. ನಾನು ಒಲ್ಲದ ಮನಸ್ಸಿನಿಂದಲೇ ಅದನ್ನು ಷಡ್ಜ ಮಾಡಿಕೊಂಡು ಮನಸ್ಸಿನಲ್ಲೇ ಸ್ವರ ಹುಡುಕತೊಡಗಿದೆ. ಅಭ್ಯಾಸ ಬಿಡುತ್ತದೆಯೇ?

“ಅಪ್ಪಾ, ಈಗ ಬರೋದು ಕೇಳಿ,” ಅಂದಳು ಮಗಳು. “ತುಂಬಾ ಸಾಫ್ಟ್ ಆಗಿ ಬೆಲ್ಸ್ ಬರುತ್ತೆ. ದಟ್ಸ್ ದ ಬೆಸ್ಟ್ ಪಾರ್ಟ್.”

ಎರಡು ವರ್ಷದಲ್ಲಿ ಅವಳು ಸಂಗೀತದ ಬಗ್ಗೆ ನನ್ನ ಕಿವಿಗೆ ಬೀಳುವಂತೆ ಆಡಿದ ಮೊದಲ ಮಾತು ಅದು. ಆಸೆಯಾಯಿತು. ನಾನೂ ಕೇಳಬೇಕು, ಕೇಳಿ ಏನಾದರೂ ಒಳ್ಳೆಯ ಮಾತು ಆಡಬೇಕು. ಆದರೆ ಎಸಿ ಬೀಸುತ್ತಿತ್ತು. “ರೀ, ಎಸಿ ಆರಿಸಿ,” ಅಂದೆ.

“ಜೂನಲ್ಲಾ? ತಲೆ ನೆಟ್ಟಗಿದೆಯೇನೇ?”

“ಐದು ನಿಮಿಷ ಆರಿಸಿದ್ರೆ ನೀವೇನೂ ಕರಗಿ ಹೋಗಲ್ಲ.”

ಅವರು ಗೊಣಗುತ್ತ ಒಂದು ಪೆಟ್ರೋಲ್ ಪಂಪಿನ ನೆರಳಿಗೆ ಕಾರು ತಂದು ನಿಲ್ಲಿಸಿ, ಇಂಜಿನ್ನನ್ನೂ ಎಸಿಯನ್ನೂ ಆರಿಸಿದರು. ಒಂದೇ ನಿಮಿಷದಲ್ಲಿ ಬೆನ್ನು ಸೀಟಿಗೆ ಅಂಟಿತು. ಮಗಳು ಹಾಡನ್ನು ಸ್ವಲ್ಪ ಹಿಂದಕ್ಕೆ ಓಡಿಸಿ ಬಿಟ್ಟಳು. ಆ ಮಂದ್ರದ ಸ್ವರ ಬಂತು, ಚೆಲ್ಲೋ ಬಂತು, ಹೆಂಗಸಿನ ಹಾಗೆ ಹಾಡುವ ಆ ಗಂಡಸಿನ ಕಂಠ ದೂರದಿಂದ ಬಂತು. ಇನ್ನೇನು ಬಂದೀತು, ಬಂದೀತು ಎಂದು ನಾನು ಕಾದೆ. ಗಂಡನ ಕತ್ತು ನೋಡಿದೆ, ಅದು ಮೆಲ್ಲಗೆ ಓಲಾಡುತ್ತಿತ್ತು. ಓಹೋ, ಗಂಟೆ ಬಂತು ಅಂದುಕೊಂಡೆ. ನನಗೆ ಏನೂ ಕೇಳಿಸಿರಲಿಲ್ಲ. ಆದರೂ ಕಣ್ಣು ಅರೆಮುಚ್ಚಿ, ಕಚೇರಿಯಲ್ಲಿ ಕೂತವಳ ಹಾಗೆ ಘನವಾಗಿ ತಲೆದೂಗಿ, “ಆಹಾ, ಗಂಟೆ ಎಷ್ಟು ಹಿತವಾಗಿದೆ!” ಅಂದೆ.

ಮಗಳು ಹಿಂದಕ್ಕೆ ತಿರುಗಿದಳು.

“ಅಮ್ಮಾ, ಅದಿನ್ನೂ ಬಂದೇ ಇಲ್ಲ.”

ಅವಳ ದನಿಯಲ್ಲಿ ಕುಹಕವಿರಲಿಲ್ಲ. ಇದ್ದಿದ್ದರೆ ನಾನು ಬೈದು ಪಾರಾಗುತ್ತಿದ್ದೆ. ಅವಳು ನನ್ನ ಮುಖವನ್ನೇ ನೋಡುತ್ತ ಬೆರಳೆತ್ತಿ ಹಿಡಿದಳು. ಸ್ವಲ್ಪ ಹೊತ್ತಾದ ಮೇಲೆ ಆ ಬೆರಳು ಗಾಳಿಯಲ್ಲಿ ಮೆಲ್ಲಗೆ ಚುಕ್ಕಿ ಇಡತೊಡಗಿತು, ಒಂದು, ಎರಡು, ಆಮೇಲೆ ಒಟ್ಟಿಗೆ ಮೂರು. ಗಂಡ “ಹ್ಞಾಂ, ಇದಾ!” ಅಂದರು. ನಾನು ಉಸಿರು ಬಿಗಿಹಿಡಿದು ಕೇಳಿದೆ. ಚೆಲ್ಲೋ ಇತ್ತು, ಮಂದ್ರ ಇತ್ತು. ಅವಳ ಬೆರಳು ಚುಕ್ಕಿಯಿಡುತ್ತಿದ್ದ ಜಾಗದಲ್ಲಿ ಮಾತ್ರ ಏನೂ ಇರಲಿಲ್ಲ. ದೂರುವುದಕ್ಕೆ ಎಸಿಯೂ ಇರಲಿಲ್ಲವಲ್ಲ.

ಸಿಸ್ಟರ್ ಮನೆಯಲ್ಲಿ ನೀರುದೋಸೆ ಬಡಿಸುವಾಗ ಮಗಳೇ ವಿಷಯ ಎತ್ತಿದಳು. “ಆಂಟಿ, ಅಮ್ಮಂಗೆ ಸಣ್ಣ ಸೌಂಡ್ಸ್ ಕೇಳಿಸ್ತಿಲ್ಲ ಅನ್ಸುತ್ತೆ.” ನನಗೆ ಮೈ ಉರಿಯಿತು. “ನನ್ನ ಕಿವಿಗೇನಾಗಿದೆ? ನನ್ನ ಕಿವಿ ನಂಬಿಕೊಂಡು ಹದಿನಾಲ್ಕು ಮಕ್ಕಳು ಹಾಡ್ತಿದಾರೆ! ಯಾವನೋ ಗಿಟಾರು ಉಜ್ಜಿದ್ದು ಕೇಳಿಸ್ಲಿಲ್ಲ ಅಂತ ನಾನು ಕಿವುಡಿಯಾ?” ಎಂದು ಬೇರೆಯವರ ಮನೆ ಎಂಬುದನ್ನೂ ಮರೆತು ಕೂಗಾಡಿದೆ. ಸಿಸ್ಟರ್ ಸೌಟು ಕೆಳಗಿಟ್ಟು ನನ್ನ ಪಕ್ಕದಲ್ಲಿ ಕೂತಳು.

“ಎಂತಕ್ಕೆ ಹೆದರುವುದು ಅಕ್ಕಾ? ನಮ್ಮಲ್ಲಿಯೇ ಕಿವಿಯ ಡಿಪಾರ್ಟ್‌ಮೆಂಟ್ ಉಂಟು. ಒಂದು ಟೆಸ್ಟ್ ಮಾಡಿಸುವ. ಎಂತ ಇಲ್ಲದಿದ್ರೆ ಒಳ್ಳೇದೇ ಆಯ್ತಲ್ಲ?”

ನಾನು ಹೆದರಿದ್ದೇನೆಂದು ನಾನು ಹೇಳಿಯೇ ಇರಲಿಲ್ಲ. ಅವಳಿಗೆ ಹೇಗೆ ಗೊತ್ತಾಯಿತೋ.

ಹೋದೆವು. ಗೋಡೆಗೆಲ್ಲ ಸ್ಪಂಜು ಹೊಡೆದ ಒಂದು ಪುಟ್ಟ ಕೋಣೆ. ಕಿವಿಗೆ ಹೆಡ್‌ಫೋನ್, ಕೈಗೆ ಒಂದು ಗುಂಡಿ. ಗಾಜಿನ ಆಚೆ ಕಪ್ಪು ಶಿರವಸ್ತ್ರದ ಒಮಾನಿ ಹುಡುಗಿ ಯಂತ್ರದ ಮುಂದೆ ಕೂತಿದ್ದಳು. ಸದ್ದು ಕೇಳಿಸಿದಾಗಲೆಲ್ಲ ಗುಂಡಿ ಒತ್ತಬೇಕು ಎಂದು ಹಿಂದಿಯಲ್ಲಿ ಹೇಳಿ, “ಯಲ್ಲಾ” ಎಂದು ಶುರು ಮಾಡಿದಳು. ಮೊದಮೊದಲು ಸುಲಭವಾಗಿತ್ತು. ದಪ್ಪ ಸದ್ದು, ಒತ್ತಿದೆ. ಇನ್ನೊಂದು, ಒತ್ತಿದೆ. ಆಮೇಲೆ ಖಾಲಿ. ಖಾಲಿಯಲ್ಲಿ ಕೂತವಳಿಗೆ ನಲವತ್ತಮೂರು ವರ್ಷದ ಬುದ್ಧಿ ಕೈ ಕೊಟ್ಟಿತು. ಅವಳು ಹೆಚ್ಚುಕಡಿಮೆ ಒಂದೇ ಕಾಲಾವಧಿಯಲ್ಲಿ ಸದ್ದು ಬಿಡುತ್ತಿದ್ದಾಳೆಂದು ಆಗಲೇ ಲೆಕ್ಕ ಹಾಕಿಕೊಂಡಿದ್ದೆ. ತೊಡೆಯ ಮೇಲೆ ಎಡಗೈಯಲ್ಲಿ ಸದ್ದಾಗದಂತೆ ಆದಿತಾಳ ಹಾಕಿಕೊಂಡು, ಪ್ರತಿ ಆವರ್ತಕ್ಕೂ ಸರಿಯಾಗಿ ಸಮದ ಮೇಲೆ, ಮೊದಲ ಪೆಟ್ಟಿಗೇ, ಗುಂಡಿ ಒತ್ತತೊಡಗಿದೆ. ಎಂಥ ಶಿಸ್ತು ನೋಡಿ!

ಹುಡುಗಿ ಬಾಗಿಲು ತೆಗೆದು ಒಳಗೆ ಬಂದಳು. ಮೃದುವಾಗಿ, “ಮೇಡಂ, ನಾನು ಈಗ ಏನೂ ಬಾರಿಸುತ್ತಿಲ್ಲ,” ಎಂದು ಹಿಂದಿಯಲ್ಲೇ ಹೇಳಿದಳು. ಆಮೇಲೆ ನನ್ನ ಎಡಗೈಯನ್ನು ಹಿಡಿದು, ತಾಳ ಹಾಕದಂತೆ ಮಡಿಲಲ್ಲಿ ಇಟ್ಟಳು. ಆ ಮಗುವಿಗೆ ತಾಳದ ಗಂಧವೂ ಇರಲಿಲ್ಲ, ಆದರೆ ಗಾಜಿನಾಚೆಯಿಂದ ಎಲ್ಲ ನೋಡಿದ್ದಳು. ನಾಚಿಕೆಯಿಂದ ನನಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಎರಡನೇ ಸಲ ಸುಳ್ಳು ಒತ್ತಲಿಲ್ಲ. ಕೇಳಿಸದಿದ್ದಾಗ ಸುಮ್ಮನೆ ಕೂತೆ. ಬಹಳ ಹೊತ್ತು ಸುಮ್ಮನೆ ಕೂತಿರಬೇಕಾಯಿತು. ಕೊನೆಗೆ ಅವಳು “ಖಲಾಸ್” ಎಂದು ಹೆಡ್‌ಫೋನ್ ತೆಗೆದಾಗ ಕಣ್ಣು ಒರೆಸಿ ಒರೆಸಿ ನನ್ನ ಸೆರಗೆಲ್ಲ ಒದ್ದೆಯಾಗಿತ್ತು.

ಡಾಕ್ಟರು ಕಾಗದದ ಮೇಲೆ ಗೆರೆ ತೋರಿಸಿದರು. ಕೆಳಗಿನ ಸ್ವರಗಳಲ್ಲಿ ನೆಟ್ಟಗೆ ಬಂದ ಗೆರೆ ಮೇಲಿನದಕ್ಕೆ ಹೋಗುತ್ತಿದ್ದಂತೆ ಮೆಟ್ಟಿಲಿಳಿದ ಹಾಗೆ ಇಳಿದಿತ್ತು. ಸಣ್ಣ ಗಂಟೆ, ಹಕ್ಕಿ, ಮೈಕ್ರೋವೇವಿನ ಕೀಕ್, ಮಾತಿನ ‘ಸ’, ‘ಷ’, ‘ತ’ ಎಲ್ಲ ಆ ಮೆಟ್ಟಿಲ ಕೆಳಗೆ. ವರ್ಷಗಳಿಂದ ಮೆಲ್ಲಗೆ ಹೋಗಿರುತ್ತದೆ, ಗೊತ್ತಾಗುವುದಿಲ್ಲ ಅಂದರು. ಮತ್ತೆ ಬರುವುದಿಲ್ಲ ಅಂತಲೂ ಅಂದರು. ಕಿವಿಗೆ ಯಂತ್ರ ಹಾಕಿಕೊಂಡರೆ ಸುಮಾರಾಗಿ ಕೇಳಿಸುತ್ತದೆ, ಅಳತೆ ಕೊಟ್ಟರೆ ಅದು ಬರಲು ಮೂರು ವಾರ.

ಹಾಗಾದರೆ ಅಕ್ಷರ ನುಂಗುತ್ತಿದ್ದವರು ಯಾರು? ಮಕ್ಕಳು ಎಲ್ಲವನ್ನೂ ಸರಿಯಾಗಿ ಹೇಳುತ್ತಿದ್ದರು. ಕಾರಿಡಾರಿನ ಕುರ್ಚಿಯಲ್ಲಿ ಕೂತು ಸಿಸ್ಟರ್ ಕೈ ಹಿಡಿದುಕೊಂಡು, “ನಿನ್ನ ಮಗಳನ್ನ ಎಷ್ಟು ಅಳಿಸಿದೀನಿ ನಾನು,” ಅಂದೆ. ಅವಳು ಹೇಳಿದಳು. “ಅವಳು ಮನೆಗೆ ಬಂದು ಕನ್ನಡಿ ಎದುರು ನಿಂತು ಬಾಯಿ ದೊಡ್ಡದು ಮಾಡಿ ಪ್ರಾಕ್ಟೀಸ್ ಮಾಡ್ತಾಳೆ ಅಕ್ಕಾ. ಟೀಚರಿಗೆ ಕೇಳಿಸಬೇಕು ಅಂತ. ಹೋಗ್ಲಿ ಬಿಡಿ, ಅದರಿಂದ ಅವಳ ಉಚ್ಚಾರ ಎಷ್ಟು ಚಂದ ಆಗಿದೆ ಗೊತ್ತುಂಟಾ?” ಸಮಾಧಾನ ಹೇಳಲು ಹೋಗಿ ಅವಳು ನನ್ನ ಕರುಳನ್ನೇ ಹಿಂಡಿದಳು.

ಗಂಡ ಅಂದು ರಾತ್ರಿಯ ಊಟಕ್ಕೆ ತಾವೇ ಉಪ್ಪಿಟ್ಟು ಮಾಡಿದರು. “ಇಷ್ಟು ವರ್ಷ ನನ್ನ ಮಾತನ್ನ ಯಾಕೆ ಕಿವಿಗೇ ಹಾಕ್ಕೊಳ್ಳಲ್ಲ ಅಂತ ಬೇಜಾರು ಮಾಡ್ಕೊಂಡಿದ್ದೆ. ಈಗ ಸಮಾಧಾನ ಆಯ್ತು,” ಅಂದರು. ನಾನು ನಗಲಿಲ್ಲ. ಅವರು ನನ್ನ ತಟ್ಟೆಗೆ ನಿಂಬೆಹಣ್ಣು ಹಿಂಡಿ, ಪಕ್ಕದಲ್ಲಿ ಕೂತು ತಿಂದರು. ಉಪ್ಪು ಹೆಚ್ಚಾಗಿತ್ತು. ಅದನ್ನು ನಾನು ಹೇಳಲಿಲ್ಲ.

ಆ ಮೂರು ವಾರ ಪಾಠ ನಿಲ್ಲಿಸಿದೆ, ಜ್ವರ ಎಂದು ಸುಳ್ಳು ಹೇಳಿದೆ. ಪಾಠವನ್ನು ಪೂರ್ತಿ ಮುಚ್ಚಿಬಿಡುವುದೆಂದು ಮನಸ್ಸು ಮಾಡಿದ್ದೆ. ಬೆಳಗ್ಗೆ ಇಬ್ಬರೂ ಹೊರಟುಹೋದ ಮೇಲೆ ಮನೆ ನನಗೆ ಹೆದರಿಕೆ ಹುಟ್ಟಿಸುತ್ತಿತ್ತು. ನನ್ನ ಹಳೆಯ ಕ್ಯಾಸೆಟ್ಟುಗಳನ್ನು ಹಾಕಿದರೆ ಅಳು ಬರುತ್ತಿತ್ತು. ಎಲ್ಲೆಲ್ಲಿ ಯಾವ ಅಕ್ಷರ ಇರಬೇಕೆಂದು ಗೊತ್ತಿತ್ತಲ್ಲ, ಅದು ಕೇಳಿಸುತ್ತಿದೆಯೋ ನೆನಪಿಗೆ ಬರುತ್ತಿದೆಯೋ ತಿಳಿಯುತ್ತಿರಲಿಲ್ಲ. ಒಂದು ದಿನ ಮಗಳ ರೂಮಿಗೆ ಹೋಗಿ ಆ ಸಿಡಿ ತಂದು ಹಾಲಿನಲ್ಲಿ ಹಾಕಿದೆ. ಗುಟ್ಟಾಗಿ, ಕಳ್ಳಿಯ ಹಾಗೆ.

ಕೇಳುತ್ತ ಕೂತೆ. ಅವನ ಭಾಷೆ ನನಗೆ ಹೇಗೂ ಬಾರದು. ಯಾವ ಅಕ್ಷರ ತಪ್ಪಿಸಿಕೊಂಡಿತು ಎಂಬ ಲೆಕ್ಕವೇ ಇಲ್ಲ. ಅವನಿಗೂ ಅವಸರವಿಲ್ಲ. ನಮ್ಮ ದೊಡ್ಡ ವಿದ್ವಾಂಸರು ಆಲಾಪನೆಯಲ್ಲಿ ಒಂದು ಸ್ವರದ ಮೇಲೆ ನಿಂತು ಸುತ್ತಲೂ ನೋಡುತ್ತಾರಲ್ಲ, ಇವನೂ ಹಾಗೆ ನಿಲ್ಲುತ್ತಿದ್ದ. ಪಿಟೀಲುಗಳು ಒಂದೊಂದಾಗಿ ಬಂದು ಪಕ್ಕದಲ್ಲಿ ನಿಲ್ಲುತ್ತಿದ್ದವು. ಕೊನೆಗೆ ಇಡೀ ಆರ್ಕೆಸ್ಟ್ರಾ ಎದ್ದು ಬಂದಾಗ ಸ್ಪೀಕರಿನ ಮೇಲಿಟ್ಟ ನನ್ನ ಅಂಗೈ ನಡುಗಿತು. ಫ್ರಿಜ್ಜಿನ ಸದ್ದು ಅಂದಿದ್ದೆನಲ್ಲ, ನನ್ನ ಬಾಯಿಗಿಷ್ಟು! ದಿನಾ ಹತ್ತು ಗಂಟೆಗೆ ಹಾಕಿಕೊಂಡು ಕೂರುವುದು ರೂಢಿಯಾಯಿತು. ಆ ಒಂದು ಗಂಟೆ ನಾನು ಕಿವಿ ಹೋದವಳಾಗಿರಲಿಲ್ಲ, ಬರೀ ಕೇಳುವವಳಾಗಿದ್ದೆ.

ಒಂದು ದಿನ ಮಗಳಿಗೆ ಪರೀಕ್ಷೆ, ಬೇಗ ಬಂದುಬಿಟ್ಟಳು. ಬೀಗ ತೆಗೆದದ್ದು ನನಗೆ ಕೇಳಿಸಿರಲಿಲ್ಲ. ಕಣ್ಣು ಬಿಟ್ಟರೆ ಎದುರಿಗೆ ನಿಂತಿದ್ದಾಳೆ, ಬೆನ್ನಿಗೆ ಶಾಲೆಯ ಚೀಲ. ನಾನು ಗಡಿಬಿಡಿಯಿಂದ ಆರಿಸಲು ಹೋದೆ. ಅವಳು ನನ್ನ ಕೈ ತಡೆದು, ಚೀಲ ಹೊತ್ತೇ ಪಕ್ಕದಲ್ಲಿ ಕೂತಳು. ಅದೇ ಹಾಡು. ಗಂಟೆಯ ಜಾಗ ಬಂದಾಗ ಅವಳು ನನ್ನ ಮಣಿಕಟ್ಟನ್ನು ಹಿಡಿದು ಬೆರಳ ತುದಿಯಿಂದ ಒಂದೊಂದಾಗಿ ಮುಟ್ಟಿದಳು. ನಾನು ಆ ಗಂಟೆಗಳನ್ನು ಮೊದಲ ಸಲ ತಿಳಿದದ್ದು ಹಾಗೆ. ತಲೆದೂಗುವ ಧೈರ್ಯ ಬರಲಿಲ್ಲ. ಸುಮ್ಮನೆ ಕೈ ಕೊಟ್ಟು ಕೂತಿದ್ದೆ.

ಹಾಡು ಮುಗಿದ ಮೇಲೆ, “ಕ್ಲಾಸ್ ಕ್ಲೋಸ್ ಮಾಡ್ತೀಯಂತೆ. ಅಪ್ಪ ಹೇಳಿದ್ರು,” ಅಂದಳು.

“ಕೇಳಿಸದೆ ಇರೋಳು ಏನು ಕಲಿಸ್ಲಿ?”

“ದೆನ್ ಟೆಲ್ ದೆಮ್. ಮಕ್ಕಳಿಗೆ ನಿಜ ಹೇಳು. ಫೀವರ್ ಅಂತ ಎಷ್ಟು ದಿನ ಹೇಳ್ತೀಯಾ? ನಿನ್ನ ಜ್ವರ ನೋಡೋಕೆ ಎಲ್ಲರೂ ಹಣ್ಣು ತಗೊಂಡು ಬಂದುಬಿಡ್ತಾರೆ.”

ಅವಳು ಹೇಳಿದ್ದು ಸರಿ. ಆ ಗುರುವಾರ ಮಕ್ಕಳನ್ನು ಕರೆದೆ, ತಾಯಂದಿರನ್ನೂ ಒಳಗೆ ಕೂರಲು ಹೇಳಿದೆ. ಕಿವಿಗೆ ಇನ್ನೂ ಯಂತ್ರ ಬಂದಿರಲಿಲ್ಲ. ಜಮಖಾನದ ಮೇಲೆ ಕೂತು, ಶ್ರುತಿಪೆಟ್ಟಿಗೆ ಹಚ್ಚದೆ, ಹೇಳಿದೆ. ನನ್ನ ಕಿವಿಯಲ್ಲಿ ಇಂಥದ್ದು ಹೋಗಿದೆ, ನೀವು ಅಕ್ಷರ ನುಂಗುತ್ತಿರಲಿಲ್ಲ, ಸುಮ್ಮನೆ ಬೈಸಿಕೊಂಡಿರಿ, ತಪ್ಪು ನನ್ನದು ಎಂದೆ. ಮಂಗಳೂರಿನ ಆ ಪುಟ್ಟಿಯನ್ನು ಹತ್ತಿರ ಕರೆದು, “ನೀನು ಕನ್ನಡಿ ಮುಂದೆ ನಿಂತ್ಕೋಬೇಡ ಚಿನ್ನ. ನಿನ್ನ ಬಾಯಿ ಸರಿಯಾಗಿದೆ,” ಅಂದೆ. ಅವಳು ಬಹಳ ಗಂಭೀರವಾಗಿ, “ಹಾಗಾದ್ರೆ ಮಿಸ್, ನಾವು ನಿಮ್ಮ ಎದುರು ಕೂತು ಹಾಡ್ಬೇಕಾ, ನಿಮಗೆ ಬಾಯಿ ಕಾಣುವ ಹಾಗೆ?” ಎಂದು ಕೇಳಿದಳು. ಒಬ್ಬರೂ ಕ್ಲಾಸು ಬಿಡಲಿಲ್ಲ. ಸಾಲು ಬದಲಾಯಿಸಿ ಅರ್ಧಚಂದ್ರದ ಹಾಗೆ ಕೂತರು, ಅಷ್ಟೇ. ನನ್ನ ಮಗಳು ಅಡುಗೆಮನೆಯ ಬಾಗಿಲಲ್ಲಿ ನಿಂತು ಎಲ್ಲ ಕೇಳಿದಳು. ಬಂದು ನನ್ನ ಬಲಕ್ಕೆ ಕೂರುತ್ತಾಳೇನೋ ಎಂದು ಓರೆಗಣ್ಣಲ್ಲಿ ನೋಡಿದೆ. ಕೂರಲಿಲ್ಲ. ಮುಂದೆಯೂ ಅವಳು ಆ ಕ್ಲಾಸಿಗೆ ಬರಲಿಲ್ಲ, ಅದನ್ನು ಇಲ್ಲೇ ಹೇಳಿಬಿಡುತ್ತೇನೆ.

ಯಂತ್ರಗಳು ಬಂದವು. ಹುರಿಗಡಲೆಯಷ್ಟು ದೊಡ್ಡವು ಎರಡು. ಮೊದಲ ದಿನವೇ ಅವನ್ನು ಕಿತ್ತು ಬಿಸಾಡಬೇಕೆನ್ನಿಸಿತು. ನನ್ನ ಸೀರೆಯೇ ಸರಸರ ಎಂದು ನನ್ನ ಹಿಂದೆ ಯಾರೋ ಬರುತ್ತಿದ್ದಾರೆಂದು ಹೆದರಿಸಿತು. ದಿನಪತ್ರಿಕೆ ಮಡಚಿದರೆ ಪಟಾಕಿ. ಗಂಡ ಚಹಾ ಕುಡಿಯುವ ಸದ್ದು ಕೇಳಿ, “ರೀ, ನೀವು ಯಾವಾಗಲೂ ಹೀಗೇ ಕುಡೀತೀರಾ?” ಎಂದು ಕೇಳಿದೆ. ಅವರು ಬಟ್ಟಲು ಹಿಡಿದುಕೊಂಡು ಬಾಲ್ಕನಿಗೆ ಹೋದರು.

ಸಂಜೆ ಸಿಂಕಿನ ಮುಂದೆ ನಿಂತು ಅಕ್ಕಿ ತೊಳೆಯುತ್ತಿದ್ದೆ. ನಲ್ಲಿ ಜೋರಾಗಿ ಸುರಿಯುತ್ತಿತ್ತು, ಮೇಲೆ ಎಗ್ಸಾಸ್ಟ್ ಫ್ಯಾನು. ಹಿಂದೆ ಯಾರೋ ಮೆಲ್ಲಗೆ, “ಅಮ್ಮಾ,” ಅಂದಂತಾಯಿತು.

ತಿರುಗಿದೆ. “ಏನೇ?”

ಮಗಳು ಫ್ರಿಜ್ಜಿನ ಪಕ್ಕದಲ್ಲಿ ನಿಂತಿದ್ದಳು. ಅವಳ ಮುಖ ನೋಡಿ ನನಗೆ ಗಾಬರಿಯಾಯಿತು.

“ಯಾಕೇ? ಏನಾಯ್ತು?”

“ನೀನು ತಿರುಗಿದೆ,” ಅಂದಳು.

“ಕರೆದ್ಯಲ್ಲ, ತಿರುಗಿದೆ.”

ಅವಳು ತಲೆ ತಗ್ಗಿಸಿಕೊಂಡು, ಒಂದೊಂದೇ ಮಾತು ಹುಡುಕಿಕೊಂಡು, ಪೂರಾ ಕನ್ನಡದಲ್ಲೇ ಹೇಳಿದಳು. “ಅವತ್ತು ಎಲ್ಲರ ಮುಂದೆ ಬೈದೆಯಲ್ಲ, ಅವತ್ತು ಸಂಜೆ ನಾನು ಇಲ್ಲಿಗೆ ಬಂದಿದ್ದೆ. ನೀನು ಹೀಗೇ ನಿಂತಿದ್ದೆ, ಆ ಕಡೆ ತಿರುಗಿಕೊಂಡು. ತಪ್ಪಾಯ್ತು ಅಮ್ಮ, ನಾಳೆ ಸರಿಯಾಗಿ ಹಾಡ್ತೀನಿ ಅಂದೆ. ನೀನು ಮಾತಾಡಲಿಲ್ಲ. ಮತ್ತೆ ಹೇಳಿದೆ. ಮೂರು ಸಲ ಹೇಳಿದೆ ಅಮ್ಮ. ನೀನು ತಿರುಗಿ ಕೂಡ ನೋಡಲಿಲ್ಲ. ನಿನಗೆ ನಾನು ಬೇಡ ಅಂದ್ಕೊಂಡು ಹೊರಟೋದೆ.”

ನಲ್ಲಿ ಸುರಿಯುತ್ತಲೇ ಇತ್ತು. ಎರಡು ವರ್ಷ ನಾನು ಕಾದದ್ದು ಆ ಒಂದು ಮಾತಿಗೆ. ಅದು ನಾನು ಬೈದ ದಿನವೇ ಬಂದು, ಮೂರು ಸಲ ನನ್ನ ಬೆನ್ನ ಹಿಂದೆ ನಿಂತು, ಹೋಗಿಬಿಟ್ಟಿತ್ತು. ಕೈ ಚಾಚಿ ನಲ್ಲಿ ನಿಲ್ಲಿಸಿದೆ.

“ನನಗೆ ಕೇಳಿಸ್ಲಿಲ್ಲ ಕಣೇ,” ಅಂದೆ. “ದೇವರಾಣೆ ಕೇಳಿಸ್ಲಿಲ್ಲ ಮಗಳೇ.”

“ಗೊತ್ತು. ಈಗ ಗೊತ್ತು.”

“ತಪ್ಪು ನಂದು. ತಪ್ಪಾಯ್ತು.”

ಅವಳು ಮೂಗು ಒರೆಸಿಕೊಳ್ಳುತ್ತ ನಕ್ಕಳು. “ಮೂರು ಸಲ ಹೇಳ್ಬೇಕು.”

ಹೇಳಿದೆ. ಎರಡನೆಯದರ ಹೊತ್ತಿಗೆ ಅವಳು ಬಂದು ನನ್ನನ್ನು ತಬ್ಬಿಕೊಂಡಿದ್ದಳು. ಮೂರನೆಯದನ್ನು ಪೂರ್ತಿ ಹೇಳಲು ನನ್ನಿಂದ ಆಗಲಿಲ್ಲ.